ಪಿಎಚ್‌ಡಿಗೆ ಯಾವ ಸಮಸ್ಯೆ ಹಿಡಿಯಬೇಕು? ಧಾರವಾಡ, ಗದಗ, ಹಾವೇರಿ ಕಡೆಯವರಿಗೆ ಐದು ದಾರಿಗಳ ಹೋಲಿಕೆ

'ಟಾಪಿಕ್ ಯಾವುದು ತಗೊಳ್ಳಲಿ?' ಪಿಎಚ್‌ಡಿ ಪ್ರವೇಶ ಸಿಕ್ಕವರು, ಎಂ.ಎ. ಕೊನೆಯ ಸೆಮಿಸ್ಟರಿನ ಕಿರುಪ್ರಬಂಧಕ್ಕೆ ಕೂತವರು ನನಗೆ ಕಳಿಸುವ ಮೆಸೇಜುಗಳು ಹೆಚ್ಚಾಗಿ ಹೀಗೇ ಶುರುವಾಗುತ್ತವೆ. ಮುಂದೆ ಓದಿದರೆ ಅವರ ಹತ್ತಿರ ಟಾಪಿಕ್ ಇಲ್ಲ ಅಂತಲ್ಲ, ಜಾಸ್ತಿ ಇವೆ. ಗದಗಿನ ಒಬ್ಬರಿಗೆ ಜೆಆರ್‌ಎಫ್ (ಸಂಶೋಧನೆಗೆ ತಿಂಗಳು ತಿಂಗಳು ಸಿಗುವ ಫೆಲೋಶಿಪ್) ಸಿಕ್ಕಿದೆ. ಗೈಡ್ ತಮ್ಮ ಪ್ರಾಜೆಕ್ಟಿನದೇ ಒಂದು ಭಾಗ ಮಾಡು ಎನ್ನುತ್ತಾರೆ, ಇವರ ಮನಸ್ಸು ಬೆಟಗೇರಿಯ ನೇಕಾರರ ಕಡೆ. ರಾಣೇಬೆನ್ನೂರಿನ ಹೈಸ್ಕೂಲ್ ಶಿಕ್ಷಕರೊಬ್ಬರು ಪಾರ್ಟ್‌ಟೈಮ್ ಸೇರಿದ್ದಾರೆ. ಸಂಬಳ ಇದೆ, ಬಿಡುವು ಭಾನುವಾರ ಮಾತ್ರ. ಸವಣೂರಿನ ಹುಡುಗನಿಗೆ ಫೆಲೋಶಿಪ್ಪೂ ಇಲ್ಲ, ಕೆಲಸವೂ ಇಲ್ಲ, ಸಮಯ ಬೇಕಾದಷ್ಟಿದೆ. ಹುಬ್ಬಳ್ಳಿಯ ನರ್ಸ್ ಒಬ್ಬರಿಗೆ ವಾರ್ಡಿನಲ್ಲಿ ದಿನಾ ಕಾಣುವ ಸಂಗತಿಯನ್ನೇ ಎಂ.ಎಸ್ಸಿ. ಪ್ರಬಂಧ ಮಾಡುವ ಆಸೆ.

ಈ ನಾಲ್ವರಿಗೂ ಒಂದೇ ಉತ್ತರ ಹೇಳಿದರೆ ಮೂವರಿಗಾದರೂ ಅನ್ಯಾಯವಾಗುತ್ತದೆ. ಸಮಸ್ಯೆ ಸಿಗುವ ದಾರಿಗಳು ಮುಖ್ಯವಾಗಿ ಐದು. ಗೈಡ್ ಕೊಟ್ಟಿದ್ದನ್ನು ತಗೊಳ್ಳುವುದು. ನಮ್ಮ ಊರು, ನಮ್ಮ ಕೆಲಸದೊಳಗಿಂದ ತೆಗೆಯುವುದು. ಹಿಂದಿನವರು ಬರೆದದ್ದನ್ನು ಓದಿ, ಅವರು ಬಿಟ್ಟದ್ದನ್ನು ಹಿಡಿಯುವುದು. ಹಳೆಯ ಅಧ್ಯಯನವನ್ನೇ ಮತ್ತೆ ಮಾಡಿ ನೋಡುವುದು. ಈಗಾಗಲೇ ಸಂಗ್ರಹವಾಗಿರುವ ಮಾಹಿತಿಯಿಂದ ಶುರು ಮಾಡುವುದು. ಯಾವುದೂ ಕೀಳಲ್ಲ. ಯಾರಿಗೆ ಯಾವುದು ಹೊಂದುತ್ತದೆ ಅನ್ನುವುದಷ್ಟೇ ಪ್ರಶ್ನೆ.

ಮೊದಲು, ಯಾವುದರಿಂದ ಅಳೆಯುವುದು?

ನಾನು ಎಲ್ಲಕ್ಕಿಂತ ಮೇಲೆ ಇಡುವುದು ಪುರಾವೆಯನ್ನು. ನಿಮ್ಮ ಪ್ರಶ್ನೆಗೆ ಉತ್ತರ ಕೊಡುವ ವಸ್ತು ಎಲ್ಲಿದೆ, ಯಾರ ಹತ್ತಿರ ಇದೆ, ಅವರು ಕೊಡುತ್ತಾರಾ? ಇಷ್ಟು ಹೇಳಲು ಆಗದಿದ್ದರೆ ಟಾಪಿಕ್ ಎಷ್ಟೇ ಚೆಂದ ಇದ್ದರೂ ಮೂರನೇ ವರ್ಷ ಅಳು ಬರುತ್ತದೆ. ಬದಲಾವಣೆಯ ಬಗ್ಗೆ ಕೇಳುವವರಂತೂ ಬದಲಾವಣೆಗೆ ಮುಂಚಿನ ಪುರಾವೆ ಇದೆಯಾ ಎಂದು ಮೊದಲೇ ನೋಡಬೇಕು. ಶಕ್ತಿ ಯೋಜನೆಯನ್ನೇ ತಗೊಳ್ಳಿ. 2023ರ ಜೂನ್ 11ರಿಂದ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ. ಅಲ್ಲಿಂದೀಚೆಗೆ ಶೂನ್ಯ ಟಿಕೆಟ್ ಕೊಡುತ್ತಾರೆ, ಹಾಗಾಗಿ ಲೆಕ್ಕ ಇದೆ. ಅದಕ್ಕೆ ಮುಂಚೆ ಟಿಕೆಟ್ಟಿನ ಮೇಲೆ ಹೆಣ್ಣು, ಗಂಡು ಎಂದು ಬರೆಯುತ್ತಿರಲಿಲ್ಲ. 'ಯೋಜನೆಯಿಂದ ಮಹಿಳಾ ಪ್ರಯಾಣ ಎಷ್ಟು ಹೆಚ್ಚಾಯಿತು' ಎಂದು ಬರೆದುಕೊಂಡು ಹುಬ್ಬಳ್ಳಿಯ ಸಾರಿಗೆ ಕಚೇರಿಗೆ ಹೋದರೆ ಅರ್ಧ ಉತ್ತರವೇ ಸಿಗುವುದು. ಅದೂ ಟಿಕೆಟ್ಟಿನ ಲೆಕ್ಕ, ಜನರ ಲೆಕ್ಕ ಅಲ್ಲ. ದಿನಾ ನಾಲ್ಕು ಬಸ್ ಹತ್ತುವ ಒಬ್ಬಳೇ ಹೆಣ್ಣುಮಗಳು ಅಲ್ಲಿ ನಾಲ್ಕಾಗಿ ಕಾಣುತ್ತಾಳೆ.

ನಮ್ಮ ಭಾಗದವರು ಇನ್ನೊಂದನ್ನು ನೆನಪಿಡಬೇಕು. ಗದಗ ಮತ್ತು ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಅಂಕಿಅಂಶಗಳೆಲ್ಲ ಹಳೆಯ ಧಾರವಾಡ ಜಿಲ್ಲೆಯ ಹೆಸರಿನಲ್ಲಿವೆ. 'ಹಾವೇರಿ ಜಿಲ್ಲೆಯಲ್ಲಿ 1980ರಿಂದ 2020ರವರೆಗೆ' ಅಂತ ಶೀರ್ಷಿಕೆ ಇಟ್ಟರೆ ಮೊದಲ ಹದಿನೇಳು ವರ್ಷದ ಅಂಕಿಗಳನ್ನು ತಾಲೂಕುವಾರು ಕೂಡಿಸಿಕೊಂಡು ಬರಬೇಕು. ತಾಲೂಕುಗಳಾದರೂ ಹಾಗೇ ಉಳಿದಿವೆಯಾ ಅಂದರೆ ಅದೂ ಇಲ್ಲ. 2011ರ ಜನಗಣತಿಯ ಪುಸ್ತಕದಲ್ಲಿ ಅಣ್ಣಿಗೇರಿ, ಅಳ್ನಾವರ, ಗಜೇಂದ್ರಗಡ, ಲಕ್ಷ್ಮೇಶ್ವರ, ರಟ್ಟೀಹಳ್ಳಿ ತಾಲೂಕುಗಳಾಗಿ ಸಿಗುವುದಿಲ್ಲ, ಅವು ಆಮೇಲೆ ಆದವು. ಇನ್ನು 1956ಕ್ಕೆ ಮುಂಚಿನ ಆಡಳಿತದ ಕಡತ ಬೇಕೆಂದರೆ ಆಗ ನಾವು ಮುಂಬಯಿ ಪ್ರಾಂತ್ಯದವರು. ಒಂದಿಷ್ಟು ಧಾರವಾಡದಲ್ಲಿ ಸಿಕ್ಕೀತು, ಉಳಿದದ್ದಕ್ಕೆ ಮುಂಬಯಿಯ ಪತ್ರಾಗಾರಕ್ಕೇ ಹೋಗಬೇಕಾದೀತು. ಅಲ್ಲಿಯ ವಸತಿ ಖರ್ಚನ್ನೂ ಬಜೆಟ್ಟಿನಲ್ಲಿ ಬರೆದುಕೊಳ್ಳಿ.

ಎರಡನೆಯದು ನನಗೆ ಬಹಳ ಮುಖ್ಯ. ನಿಮ್ಮ ಪ್ರಶ್ನೆಗೆ 'ಹೌದು' ಬಂದರೂ 'ಇಲ್ಲ' ಬಂದರೂ ಉತ್ತರಕ್ಕೆ ಬೆಲೆ ಇರಬೇಕು. 'ಸ್ವಸಹಾಯ ಸಂಘಗಳಿಂದ ಮಹಿಳಾ ಸಬಲೀಕರಣ' ಅಂತ ಶೀರ್ಷಿಕೆ ಇಟ್ಟವರು ಉತ್ತರವನ್ನು ಶೀರ್ಷಿಕೆಯಲ್ಲೇ ಬರೆದುಬಿಟ್ಟಿರುತ್ತಾರೆ. ಆಮೇಲೆ ಪ್ರಶ್ನಾವಳಿಯೂ ಹಾಗೇ ಆಗುತ್ತದೆ: 'ಸಂಘ ಸೇರಿದ ಮೇಲೆ ನಿಮ್ಮ ಆತ್ಮವಿಶ್ವಾಸ ಹೆಚ್ಚಾಗಿದೆಯೇ?' ಎದುರಿಗೆ ಸಂಘದ ಅಧ್ಯಕ್ಷೆ ಕೂತಿದ್ದಾಗ ಯಾವ ತಾಯಿ ಇಲ್ಲ ಅಂತಾಳೆ? ಅದರ ಬದಲು 'ಸಂಘದಲ್ಲಿ ತೆಗೆದ ಸಾಲ ಖರ್ಚು ಮಾಡುವ ತೀರ್ಮಾನ ಮನೆಯಲ್ಲಿ ಯಾರದು?' ಎಂದು ಕೇಳಿದರೆ ಯಾವ ಉತ್ತರ ಬಂದರೂ ತಿಳಿಯುವುದೊಂದು ಇರುತ್ತದೆ.

ಸಮಯ ಮತ್ತು ದುಡ್ಡು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದ ಪ್ರಕಾರ ಪಿಎಚ್‌ಡಿಗೆ ಕೋರ್ಸ್‌ವರ್ಕ್ (ಶುರುವಿನಲ್ಲಿ ಓದಿ ಪಾಸಾಗಬೇಕಾದ ಪಾಠಗಳು) ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯಿಂದ ಇನ್ನೂ 2 ವರ್ಷದವರೆಗೆ ಸಿಗಬಹುದು, ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅದರ ಮೇಲೂ 2 ವರ್ಷದ ಸಡಿಲಿಕೆ ಇದೆ. ಜೆಆರ್‌ಎಫ್ ಇದ್ದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಅದರ ಮೇಲಿನ ಹಂತವಾದ ಎಸ್‌ಆರ್‌ಎಫ್ ಆದರೆ 42,000. ಫೆಲೋಶಿಪ್ ಇಲ್ಲದವರು ಪ್ರತಿ ಬಸ್ ಚಾರ್ಜೂ ಜೇಬಿನಿಂದ ಕೊಡಬೇಕು. ಎಂ.ಎ. ಕಿರುಪ್ರಬಂಧಕ್ಕೆ ಸಿಗುವುದು ನಾಲ್ಕೈದು ತಿಂಗಳು. ಅದರಲ್ಲಿ ಪರೀಕ್ಷೆಯೂ ಇರುತ್ತದೆ.

ಗೈಡಿನ ವಿಷಯ ಮರೆಯಬೇಡಿ. ನಿಮ್ಮ ಸಮಸ್ಯೆ ಅವರ ಓದಿನ ಹತ್ತಿರ ಇದೆಯಾ, ಅವರ ಬಳಿ ಸೀಟು ಇದೆಯಾ? ಪ್ರೊಫೆಸರಿಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ವಿದ್ಯಾರ್ಥಿಗಳ ಮಿತಿ ಇದೆ. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತಗೊಳ್ಳುವಂತಿಲ್ಲ. ಕೊನೆಯದಾಗಿ, ನಿಮ್ಮ ಅಧ್ಯಯನದಿಂದ ಮಾಹಿತಿ ಕೊಟ್ಟವರಿಗೆ ತೊಂದರೆ ಆಗುತ್ತದಾ ಎಂದು ನೋಡಲೇಬೇಕು.

'ಹೊಸತು' ಅನ್ನುವುದನ್ನು ನಾನು ಈ ಪಟ್ಟಿಯಲ್ಲಿ ಮೇಲೆ ಇಟ್ಟಿಲ್ಲ. ಯಾರೂ ಮುಟ್ಟದ ವಿಷಯ ಹುಡುಕುತ್ತ ವರ್ಷ ಕಳೆಯುವವರು ಬಹಳ. ಚಿಕ್ಕ ಹೊಸತು ಸಾಕು.

ಗೈಡ್ ಕೊಟ್ಟ ಸಮಸ್ಯೆ

ಗೈಡ್ ಕೊಡುವ ಸಮಸ್ಯೆ ಹರಗಿ ಹದ ಮಾಡಿದ ಹೊಲ ಇದ್ದಂತೆ. ಓದಬೇಕಾದ ಪುಸ್ತಕಗಳ ಪಟ್ಟಿ ಅವರ ಹತ್ತಿರ ಇರುತ್ತದೆ, ಉಪಕರಣ ಇರುತ್ತದೆ, ಕೆಲವೊಮ್ಮೆ ಪ್ರಾಜೆಕ್ಟ್ ಹಣವೂ ಇರುತ್ತದೆ. ವಿಜ್ಞಾನದವರಿಗಂತೂ ಇದೇ ಸಹಜ ದಾರಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಗೋಧಿ ತಳಿಯ ಮೇಲೆ ಕೆಲಸ ಮಾಡುವ ವಿದ್ಯಾರ್ಥಿ ತನ್ನಷ್ಟಕ್ಕೆ ತಾನೇ ಸಮಸ್ಯೆ ಕಟ್ಟಿಕೊಂಡು ಬರಲು ಆಗುವುದಿಲ್ಲ. ತಳಿಸಾಲುಗಳು, ಪ್ರಯೋಗದ ಹೊಲ, ಹಿಂದಿನ ಹಂಗಾಮುಗಳ ದಾಖಲೆ ಎಲ್ಲ ಅಲ್ಲಿಯ ಯೋಜನೆಯ ಜೊತೆಗೇ ಸಾಗಿ ಬಂದಿರುತ್ತವೆ. ಹಿಂಗಾರಿ ಬೆಳೆಯ ಪ್ರಯೋಗ ವರ್ಷಕ್ಕೆ ಒಂದೇ ಸಲ. ಒಂದು ಹಂಗಾಮು ತಪ್ಪಿದರೆ ಒಂದು ವರ್ಷ ಹೋಯಿತು.

ಕಳೆದುಕೊಳ್ಳುವುದು ಏನು? ನಿಮ್ಮದೇ ಪ್ರಶ್ನೆ ಕೇಳುವ ಅಭ್ಯಾಸ. ಕೊನೆಯ ಮೌಖಿಕ ಪರೀಕ್ಷೆಯಾದ ವೈವಾದಲ್ಲಿ 'ಈ ಮೂರು ತಾಲೂಕನ್ನೇ ಯಾಕೆ ಆರಿಸಿದಿರಿ?' ಎಂದು ಕೇಳಿದಾಗ 'ಗೈಡ್ ಹೇಳಿದರು' ಅನ್ನಲು ಬರುವುದಿಲ್ಲ. ಸಮಾಜ ವಿಜ್ಞಾನ ಮತ್ತು ಭಾಷಾ ವಿಭಾಗಗಳಲ್ಲಿ ಇನ್ನೊಂದು ತೊಡಕಿದೆ. ಗೈಡಿನ ಹಳೆಯ ಟಾಪಿಕ್ಕನ್ನೇ ಜಿಲ್ಲೆ ಬದಲಿಸಿ ಒಬ್ಬೊಬ್ಬರಿಗೆ ಹಂಚಿದ ಉದಾಹರಣೆಗಳು ಸಿಗುತ್ತವೆ. ಅಂಥದ್ದು ಬಂದರೆ ವಿನಯವಾಗಿಯೇ ಒಂದು ಮಾತು ಕೇಳಿ: 'ಸರ್, ಹಿಂದಿನ ಜಿಲ್ಲೆಯಲ್ಲಿ ಸಿಕ್ಕ ಉತ್ತರ ಇಲ್ಲಿ ಬೇರೆ ಆಗಬಹುದು ಅನ್ನಲು ಕಾರಣ ಏನಿದೆ?' ಆ ಕಾರಣ ಸಿಕ್ಕರೆ ಅದೇ ನಿಮ್ಮ ಸಮಸ್ಯೆ. ಸಿಗದಿದ್ದರೆ ಬೇರೆ ದಾರಿ ನೋಡಿ.

ಗದಗಿನ ಜೆಆರ್‌ಎಫ್ ಓದುಗರಿಗೆ ನನ್ನ ಸಲಹೆ ಇದು. ಎರಡನ್ನೂ ಬೇರೆ ಬೇರೆ ಅಂತ ನೋಡಬೇಡಿ. ಗೈಡಿನ ಪ್ರಾಜೆಕ್ಟ್ ಗ್ರಾಮೀಣ ಸಾಲದ ಬಗ್ಗೆ ಎಂದಿದ್ದೀರಿ. ಬೆಟಗೇರಿಯಲ್ಲಿ ನೂಲು ಕೊಟ್ಟು ಸೀರೆ ಒಯ್ಯುವ ಮಾಲೀಕರ ಹತ್ತಿರ ಮುಂಗಡ ಪಡೆದು ನೇಯುವವರಿದ್ದಾರೆ. ಬ್ಯಾಂಕ್ ಸಾಲ ಸಿಗುವಾಗಲೂ ನೇಕಾರರು ಮಾಲೀಕರ ಮುಂಗಡವನ್ನೇ ಯಾಕೆ ಆರಿಸುತ್ತಾರೆ ಎಂದು ಕೇಳಿದರೆ ಗೈಡಿನ ಓದೂ ಉಪಯೋಗಕ್ಕೆ ಬರುತ್ತದೆ, ನಿಮ್ಮ ಮನಸ್ಸೂ ಅಲ್ಲೇ ಇರುತ್ತದೆ.

ನಮ್ಮ ಊರು, ನಮ್ಮ ಕೆಲಸ

ಇಲ್ಲಿ ಲಾಭ ಜಾಸ್ತಿ, ಮೋಸ ಹೋಗುವ ಜಾಗವೂ ಜಾಸ್ತಿ. ಭಾಷೆ ಗೊತ್ತು, ಮಂದಿ ಗೊತ್ತು, ಖರ್ಚು ಕಡಿಮೆ. ಹೊರಗಿನವರು ಆರು ತಿಂಗಳು ಕೂತರೂ ಕಾಣದ ಸಂಗತಿ ನಿಮಗೆ ಮೊದಲ ದಿನವೇ ಗೊತ್ತಿರುತ್ತದೆ. ರಾಣೇಬೆನ್ನೂರು ಕಡೆ ಬೀಜೋತ್ಪಾದನೆ ಮಾಡುವ ಮನೆಗಳಲ್ಲಿ ಹೂವು ಕ್ರಾಸ್ ಮಾಡುವ ಹಂಗಾಮು ಬಂದಾಗ ಯಾವ ಮಕ್ಕಳು ತರಗತಿಗೆ ಬರುವುದಿಲ್ಲ ಅನ್ನುವುದು ಅಲ್ಲಿಯ ಶಿಕ್ಷಕರಿಗೆ ಹಾಜರಿ ಪುಸ್ತಕ ನೋಡದೇ ಗೊತ್ತಿರುತ್ತದೆ.

ಗೊತ್ತಿರುವುದೇ ತೊಡಕೂ ಹೌದು. 'ಎಲ್ಲರಿಗೂ ಗೊತ್ತಿದ್ದದ್ದೇ' ಅಂದುಕೊಂಡು ಬರೆಯದೇ ಬಿಡುತ್ತೇವೆ. ಇಲ್ಲವೇ ಉತ್ತರ ಮೊದಲೇ ತೀರ್ಮಾನ ಮಾಡಿ ಪುರಾವೆ ಆಮೇಲೆ ಹುಡುಕುತ್ತೇವೆ. ನಿಮ್ಮ ಶಾಲೆಯ ಮಕ್ಕಳಿಗೆ ನೀವೇ ಪ್ರಶ್ನಾವಳಿ ಕೊಟ್ಟರೆ ಅವರು ಮೇಷ್ಟ್ರಿಗೆ ಖುಷಿಯಾಗುವ ಉತ್ತರವನ್ನೇ ಬರೆಯುತ್ತಾರೆ. ಅದಕ್ಕೆ ಪಾರ್ಟ್‌ಟೈಮ್ ಶಿಕ್ಷಕರಿಗೆ ನಾನು ಹೇಳುವುದು ಹೀಗೆ: ನಿಮ್ಮ ಶಾಲೆಯನ್ನು ಬಿಟ್ಟು ಪಕ್ಕದ ಶಾಲೆಗಳನ್ನು ತಗೊಳ್ಳಿ. ಪ್ರಶ್ನಾವಳಿ ಕಡಿಮೆ ಮಾಡಿ, ದಾಖಲೆ ಹೆಚ್ಚು ನೋಡಿ. ಹಾಜರಿ ಪುಸ್ತಕ, ವರ್ಗಾವಣೆ ಪತ್ರಗಳ ರಿಜಿಸ್ಟರು, ಮೌಲ್ಯಮಾಪನದ ಅಂಕಗಳಿಗೆ ಇಲಾಖೆಯ ಅನುಮತಿ ಮೊದಲೇ ಬರವಣಿಗೆಯಲ್ಲಿ ತಗೊಳ್ಳಿ, ಮಕ್ಕಳ ಹೆಸರು ಬಿಟ್ಟು ನಕಲು ಮಾಡಿಕೊಳ್ಳಿ. ಅದನ್ನು ಮನೆಯಲ್ಲಿ ರಾತ್ರಿ ಕೂತು ನೋಡಬಹುದು. ಭಾನುವಾರವೇ ಆಗಬೇಕಿಲ್ಲ, ಅಲ್ವಾ?

ನರ್ಸ್ ಅವರ ವಿಷಯ ಇನ್ನೂ ಸೂಕ್ಷ್ಮ. ರೋಗಿಗಳು ನಿಮ್ಮ ಆರೈಕೆಯಲ್ಲೇ ಇರುವಾಗ 'ಅಧ್ಯಯನಕ್ಕೆ ಒಪ್ಪಿಗೆ ಇದೆಯಾ' ಎಂದು ನೀವೇ ಕೇಳಿದರೆ ಅವರಿಗೆ ಬೇಡ ಅನ್ನಲು ಧೈರ್ಯ ಬರುವುದಿಲ್ಲ. ಆರೈಕೆಗೆ ಸಂಬಂಧವಿಲ್ಲದ ಇನ್ನೊಬ್ಬರು ಒಪ್ಪಿಗೆ ಕೇಳುವಂತೆ ಮಾಡಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ನೈತಿಕ ಮಾರ್ಗಸೂಚಿಗಳನ್ನು ಸಮಸ್ಯೆ ಬರೆಯುವ ಮೊದಲೇ ಓದಿ. ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಮಾಹಿತಿ ಸಂಗ್ರಹಕ್ಕೆ ಮುಂಚೆ ಸಿಗಬೇಕು, ಸಂಗ್ರಹಿಸಿದ ಮೇಲೆ ಕೇಳಿದರೆ ಕೊಡುವುದಿಲ್ಲ. ಆ ಸಮಿತಿ ಸಭೆ ಸೇರುವ ದಿನಾಂಕಗಳನ್ನು ಈಗಲೇ ಕೇಳಿಕೊಳ್ಳಿ. ಎಂ.ಎಸ್ಸಿ.ಯ ಅವಧಿಯಲ್ಲಿ ಎರಡು ತಿಂಗಳು ಕಾಯುವುದು ದೊಡ್ಡ ಪೆಟ್ಟು. ನಿಮ್ಮ ಪ್ರಶ್ನೆಯನ್ನು ಯಾವ ರೋಗಿಗಳು, ಏನು ಮಾಡಿದರೆ, ಏನು ಮಾಡದವರ ಜೊತೆ ಹೋಲಿಸಿ, ಯಾವ ಫಲ, ಎಷ್ಟು ದಿನದಲ್ಲಿ ಎಂದು ಐದು ಭಾಗವಾಗಿ ಬರೆಯಿರಿ. ಆರೋಗ್ಯ ಕ್ಷೇತ್ರದ ಸಮಿತಿಗಳು ಇದೇ ರೂಪವನ್ನು ಕೇಳುತ್ತವೆ.

ಹಿಂದಿನವರು ಬಿಟ್ಟದ್ದನ್ನು ಹಿಡಿಯುವುದು

ಗೈಡ್‌ಗಳು 'ಗ್ಯಾಪ್ ಹುಡುಕು' ಅನ್ನುವುದು ಇದಕ್ಕೇ. ಖರ್ಚು ಬಹಳ ಕಡಿಮೆ. ಶೋಧಗಂಗಾ ಎಂಬ ಜಾಲತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳು ಉಚಿತವಾಗಿ ಓದಲು ಸಿಗುತ್ತವೆ, ಕರ್ನಾಟಕ ವಿಶ್ವವಿದ್ಯಾಲಯದವೂ ಇವೆ. ಶೋಧಗಂಗೋತ್ರಿಯಲ್ಲಿ ಇನ್ನೂ ನಡೆಯುತ್ತಿರುವ ಸಂಶೋಧನೆಗಳ ಸಿನಾಪ್ಸಿಸ್, ಅಂದರೆ ಏನು ಮಾಡುತ್ತೇವೆ ಎಂದು ಮೊದಲೇ ಬರೆದುಕೊಟ್ಟ ಪ್ರಸ್ತಾವ, ನೋಡಬಹುದು. ನಿಮ್ಮ ವಿಷಯವನ್ನೇ ಬೇರೆಯವರು ಹಿಡಿದಿದ್ದಾರಾ ಎಂದು ಮೊದಲೇ ತಿಳಿಯಲು ಒಳ್ಳೆಯದು. ಧಾರವಾಡದಲ್ಲೇ 1939ರಲ್ಲಿ ಶುರುವಾದ ಕನ್ನಡ ಸಂಶೋಧನಾ ಸಂಸ್ಥೆ ಇದೆ. ಪುಸ್ತಕಗಳಿಗಾಗಿ ಬೆಂಗಳೂರಿಗೆ ಓಡುವ ಮೊದಲು ಇಲ್ಲಿಯ ಕಪಾಟುಗಳನ್ನು ನೋಡಿ.

ಆದರೆ 'ಈ ವಿಷಯದ ಮೇಲೆ ಹಾವೇರಿ ಜಿಲ್ಲೆಯಲ್ಲಿ ಯಾರೂ ಅಧ್ಯಯನ ಮಾಡಿಲ್ಲ' ಅನ್ನುವುದನ್ನು ಗ್ಯಾಪ್ ಅಂತ ಬರೆಯಬೇಡಿ. ಯಾರೂ ಮಾಡದ ವಿಷಯಗಳು ಲೆಕ್ಕವಿಲ್ಲದಷ್ಟಿವೆ. ಅವುಗಳಲ್ಲಿ ಹೆಚ್ಚಿನವನ್ನು ಮಾಡಬೇಕಾದ ಅಗತ್ಯವೂ ಇಲ್ಲ. ನಿಜವಾದ ಗ್ಯಾಪ್ ಸಿಗುವ ಜಾಗಗಳು ಬೇರೆ. ಇಬ್ಬರ ಅಧ್ಯಯನಗಳು ಒಂದಕ್ಕೊಂದು ಒಪ್ಪದಿದ್ದಾಗ. ಎಲ್ಲರೂ ಒಂದೇ ರೀತಿಯ ಜನರನ್ನು ಮಾತ್ರ ಕೇಳಿದಾಗ. ಉದಾಹರಣೆಗೆ ಒಕ್ಕಲುತನದ ಅಧ್ಯಯನದಲ್ಲಿ ಪಹಣಿಯಲ್ಲಿ ಹೆಸರಿರುವ ಗಂಡಸರನ್ನೇ ಕೇಳಿ, ಹೊಲದಲ್ಲಿ ದುಡಿಯುವ ಹೆಂಗಸರನ್ನು ಬಿಟ್ಟಾಗ. ಎಲ್ಲರೂ ಒಂದು ಮಾತನ್ನು ಪ್ರಶ್ನಿಸದೆ ಒಬ್ಬರಿಂದೊಬ್ಬರು ಎತ್ತಿಕೊಂಡು ಬಂದಾಗ.

ಪ್ರಬಂಧಗಳ ಕೊನೆಯಲ್ಲಿ 'ಮುಂದಿನ ಸಂಶೋಧನೆಗೆ ಅವಕಾಶ' ಎಂದು ಒಂದು ಪುಟ ಇರುತ್ತದಲ್ಲ, ಅದನ್ನೊಂದೇ ಓದಿ ಟಾಪಿಕ್ ಆರಿಸುವವರಿದ್ದಾರೆ. ಆ ಪುಟವನ್ನು ಸಾಮಾನ್ಯವಾಗಿ ಸಲ್ಲಿಸುವ ಹಿಂದಿನ ವಾರ ಅವಸರದಲ್ಲಿ ಬರೆದಿರುತ್ತಾರೆ. ಅದಕ್ಕಿಂತ ವಿಧಾನದ ಅಧ್ಯಾಯವನ್ನು ಓದಿ. ಯಾರನ್ನು ಕೇಳಿದರು, ಯಾರನ್ನು ಬಿಟ್ಟರು ಅನ್ನುವುದು ಅಲ್ಲಿ ಕಾಣುತ್ತದೆ.

ಸವಣೂರಿನ ಹುಡುಗನಂತೆ ದುಡ್ಡಿಲ್ಲ, ಸಮಯ ಇದೆ ಅನ್ನುವವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಇತಿಹಾಸ, ಕನ್ನಡ ವಿಭಾಗದವರಿಗಂತೂ ಪುರಾವೆಯೇ ಅಚ್ಚಾಗಿ ಕೂತಿದೆ. ಬಾಂಬೆ ಕರ್ನಾಟಕ ಶಾಸನಗಳ ಸಂಪುಟಗಳಿವೆ, ಗದಗ ಜಿಲ್ಲೆಯೊಂದರಲ್ಲೇ ಓದಿ ಮುಗಿಯದಷ್ಟು ಶಾಸನಗಳಿವೆ. ಲಕ್ಕುಂಡಿಯ 1007ರ ಅತ್ತಿಮಬ್ಬೆಯ ಶಾಸನದ ಬಗ್ಗೆ ಬಹಳ ಜನ ಬರೆದಿದ್ದಾರೆ. ಕೆರೆಗೆ ಬಿಟ್ಟ ದತ್ತಿಗಳನ್ನು ಯಾರು ನೋಡಿಕೊಳ್ಳಬೇಕೆಂದು ಶಾಸನಗಳು ಹೇಳುತ್ತವೆ, ಆ ಹೊಣೆ ಒಂದು ಶತಮಾನದಿಂದ ಇನ್ನೊಂದಕ್ಕೆ ಬದಲಾಯಿತಾ ಎಂದು ಕೇಳಿದರೆ ಅದಕ್ಕೆ ಬೇಕಾದ್ದು ಗ್ರಂಥಾಲಯದ ಕುರ್ಚಿ ಮತ್ತು ಹಳಗನ್ನಡದ ಅಭ್ಯಾಸ.

ಹಳೆಯದನ್ನೇ ಮತ್ತೆ ಮಾಡುವುದು

ನಮ್ಮಲ್ಲಿ ಇದಕ್ಕೆ ಮರ್ಯಾದೆ ಕಡಿಮೆ. ಅದು ತಪ್ಪು ಅನ್ನುವುದು ನನ್ನ ಖಚಿತ ಅಭಿಪ್ರಾಯ. 1980ರ ದಶಕದಲ್ಲಿ ಧಾರವಾಡ ಭಾಗದ ಹತ್ತಿ ಬೆಳೆಗಾರರ ಖರ್ಚುವೆಚ್ಚದ ಮೇಲೆ ಮಾಡಿದ ಒಂದು ಅಧ್ಯಯನ ನಿಮಗೆ ಸಿಕ್ಕಿತು ಅಂದುಕೊಳ್ಳಿ. ಆಗ ಜಯಧರದಂಥ ನಾಟಿ ತಳಿಗಳಿದ್ದವು, ಧಾರವಾಡದಲ್ಲೇ ಹುಟ್ಟಿದ ಡಿಸಿಎಚ್-32 ಹೈಬ್ರಿಡ್ ಹೊಸದು. ಬಿಟಿ ಹತ್ತಿಗೆ ಭಾರತದಲ್ಲಿ ಅನುಮತಿ ಸಿಕ್ಕಿದ್ದು 2002ರಲ್ಲಿ. ಅದೇ ಹಳ್ಳಿಗಳಿಗೆ ಹೋಗಿ ಅದೇ ಪ್ರಶ್ನೆಗಳನ್ನು ಕೇಳಿದರೆ ಬೀಜ, ಔಷಧಿ, ಕೂಲಿಯ ಪಾಲು ಹೇಗೆ ಬದಲಾಯಿತು ಎಂದು ಹೇಳಬಹುದು. ಬದಲಾವಣೆಗೆ ಮುಂಚಿನ ಪುರಾವೆಯನ್ನು ಇನ್ನೊಬ್ಬರು ನಿಮಗಾಗಿ ಕೂಡಿಟ್ಟಿದ್ದಾರೆ.

ವಿಧಾನ ಸಿದ್ಧ ಇರುವುದರಿಂದ ಕಿರುಪ್ರಬಂಧಕ್ಕೆ ಇದು ಒಳ್ಳೆಯ ದಾರಿ. ಪಿಎಚ್‌ಡಿಗೆ ಇದೊಂದೇ ಸಾಲದು ಎಂದು ಸಿನಾಪ್ಸಿಸ್ ನೋಡುವ ಸಮಿತಿ ಹೇಳಬಹುದು, ಆಗ 'ಯಾಕೆ ಬದಲಾಯಿತು' ಅನ್ನುವ ಭಾಗವನ್ನು ನೀವು ಸೇರಿಸಬೇಕು. ವಿಧಾನವನ್ನು ಹೇಳಿ ಬಳಸುವುದು ಕದಿಯುವುದಲ್ಲ, ವಾಕ್ಯಗಳನ್ನು ಎತ್ತುವುದು ಕಳ್ಳತನ. ಯುಜಿಸಿಯ 2018ರ ನಿಯಮದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡ ಇಲ್ಲ, ಅದನ್ನು ದಾಟಿದರೆ ತಿದ್ದಿ ಮತ್ತೆ ಸಲ್ಲಿಸಬೇಕು, ಶೇ 60 ದಾಟಿದರೆ ನೋಂದಣಿಯೇ ರದ್ದು.

ಇರುವ ಮಾಹಿತಿಯಿಂದ ಶುರು ಮಾಡುವುದು

ಎನ್‌ಎಫ್‌ಎಚ್‌ಎಸ್-5ರ (ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ) ಜಿಲ್ಲಾವಾರು ಮಾಹಿತಿ, 2011ರ ಜನಗಣತಿ, ಅಗ್‌ಮಾರ್ಕ್‌ನೆಟ್ ಜಾಲತಾಣದಲ್ಲಿ ಕೃಷಿ ಮಾರುಕಟ್ಟೆಗಳ ದಿನದಿನದ ಆವಕ ಮತ್ತು ಧಾರಣೆ ಎಲ್ಲ ಉಚಿತ. ಕಚೇರಿಯ ಕಡತ ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ಲೆಕ್ಕದಲ್ಲಿ ಕೈ ಪಳಗಿದವರಿಗೆ, ಸಣ್ಣ ಮಕ್ಕಳನ್ನು ಬಿಟ್ಟು ಊರೂರು ತಿರುಗಲಾಗದ ತಾಯಂದಿರಿಗೆ ಇದು ವರದಾನ.

ಬೇರೆಯವರು ಬೇರೆ ಉದ್ದೇಶಕ್ಕೆ ಕೂಡಿಸಿದ ಮಾಹಿತಿ ಅನ್ನುವುದು ನೆನಪಿರಲಿ. ನಿಮಗೆ ಬೇಕಾದ ಅಂಶವನ್ನೇ ಅವರು ಕೇಳಿರುವುದಿಲ್ಲ. ಕರ್ನಾಟಕದಲ್ಲಿ ಎನ್‌ಎಫ್‌ಎಚ್‌ಎಸ್-5 ಸಮೀಕ್ಷೆ ನಡೆದದ್ದು 2019ರಲ್ಲಿ, ಕೋವಿಡ್‌ಗೆ ಮುಂಚೆ. ಹಾಗಾಗಿ ಕೋವಿಡ್ ನಂತರದ ಹಾವೇರಿಯ ಬಗ್ಗೆ ಅದು ಏನೂ ಹೇಳುವುದಿಲ್ಲ. ಜಿಲ್ಲೆಯೊಳಗೆ ಇನ್ನೂ ಸಣ್ಣ ಗುಂಪು ಮಾಡುತ್ತ ಹೋದರೆ, ಅಂದರೆ ಗದಗಿನ ಗ್ರಾಮೀಣ, ಇಂಥ ಜಾತಿಯ, ಇಂಥ ವಯಸ್ಸಿನ ತಾಯಂದಿರು ಎಂದು ಸೋಸಿದರೆ, ಕೊನೆಗೆ ಉಳಿಯುವವರು ಬೆರಳೆಣಿಕೆಯಷ್ಟು. ಅವರ ಮೇಲೆ ತೀರ್ಮಾನ ಕಟ್ಟಲಾಗದು.

ಒಂದು ಸಮಸ್ಯೆಯನ್ನು ತಿದ್ದಿ ನೋಡೋಣ

ದಾರಿ ಯಾವುದೇ ಇರಲಿ, ಹಿಡಿದದ್ದನ್ನು ಪ್ರಶ್ನೆಯಾಗಿ ತಿದ್ದುವ ಕೆಲಸ ಎಲ್ಲರಿಗೂ ಒಂದೇ. ಬ್ಯಾಡಗಿಯನ್ನೇ ತಗೊಳ್ಳುತ್ತೇನೆ. 'ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ: ಒಂದು ಅಧ್ಯಯನ.' ಇದು ವಿಷಯ ಅಷ್ಟೇ. ಇದರಲ್ಲಿ ಏನು ಬೇಕಾದರೂ ಬರಬಹುದು, ಹಾಗಾಗಿ ಮುಗಿಯುವುದೇ ಇಲ್ಲ. 2011ರಲ್ಲಿ ಸಿಕ್ಕ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯಿಂದ ಶುರುವಾಗಿ ಕೆಂಪು ಬಣ್ಣ ತೆಗೆಯುವ ಕಾರ್ಖಾನೆಗಳವರೆಗೆ ಹೋಗುತ್ತದೆ.

ಎರಡನೇ ಸಲ: 'ಮೆಣಸಿನಕಾಯಿ ಬೆಳೆಗಾರರಿಗೆ ಯಾಕೆ ನಷ್ಟ ಆಗುತ್ತಿದೆ?' ಕಳಕಳಿ ಇದೆ. 2024ರ ಮಾರ್ಚ್‌ನಲ್ಲಿ ಧಾರಣೆ ಕುಸಿದು ಬ್ಯಾಡಗಿ ಎಪಿಎಂಸಿಯಲ್ಲಿ ರೈತರ ಸಿಟ್ಟು ಬೆಂಕಿ ಹಚ್ಚುವ ಮಟ್ಟಕ್ಕೆ ಹೋದದ್ದನ್ನು ನೋಡಿದವರಿಗೆ ಈ ಪ್ರಶ್ನೆ ಬರುವುದು ಸಹಜ. ಆದರೆ ನಷ್ಟ ಆಗುತ್ತಿದೆ ಎಂದು ಮೊದಲೇ ಒಪ್ಪಿಕೊಂಡಿದ್ದೇವೆ. ಯಾವ ರೈತರು, ಯಾರಿಗೆ ಹೋಲಿಸಿದರೆ ನಷ್ಟ ಅನ್ನುವುದೂ ಇಲ್ಲ.

ಮೂರನೇ ಸಲ: 'ಕುಂದಗೋಳ ತಾಲೂಕಿನ ಬೆಳೆಗಾರರಲ್ಲಿ ಕೊಯ್ಲು ಆದ ಕೂಡಲೇ ಮಾರಿದವರಿಗೂ, ಕೋಲ್ಡ್ ಸ್ಟೋರೇಜಿನಲ್ಲಿಟ್ಟು ತಡವಾಗಿ ಮಾರಿದವರಿಗೂ, ಬಾಡಿಗೆ ಮತ್ತು ಸಾಲದ ಬಡ್ಡಿ ಕಳೆದ ಮೇಲೆ ಕ್ವಿಂಟಲ್‌ಗೆ ಕೈಗೆ ಉಳಿದ ಹಣದಲ್ಲಿ ವ್ಯತ್ಯಾಸ ಎಷ್ಟು?' ಈಗ ಯಾರು, ಎಲ್ಲಿ, ಯಾವುದಕ್ಕೆ ಯಾವುದನ್ನು ಹೋಲಿಸಿ, ಯಾವುದರಿಂದ ಅಳೆದು ಅನ್ನುವುದೆಲ್ಲ ಬಂತು. ವ್ಯತ್ಯಾಸ ಇದ್ದರೂ ಸುದ್ದಿ, ಇಲ್ಲದಿದ್ದರೂ ಸುದ್ದಿ. ಕಾಯ್ದವರಿಗೆ ಏನೂ ಉಳಿಯುವುದಿಲ್ಲ ಎಂದು ಗೊತ್ತಾದರೆ ರೈತರಿಗೂ ಇಲಾಖೆಗೂ ಉಪಯೋಗಕ್ಕೆ ಬರುವ ಮಾತು ಅದು.

ಪುರಾವೆ ಎಲ್ಲಿದೆ? ದಲಾಲಿ ಅಂಗಡಿಯವರು ಕೊಡುವ ಪಟ್ಟಿಯಲ್ಲಿ. ತಾರೀಖು, ಚೀಲ, ತೂಕ, ದರ, ಕಡಿತ, ಕೈಗೆ ಬಂದ ಮೊತ್ತ ಎಲ್ಲ ಒಂದೇ ಚೀಟಿಯಲ್ಲಿರುತ್ತದೆ. ಬಹಳ ಮನೆಗಳಲ್ಲಿ ಇದನ್ನು ಬ್ಯಾಂಕ್ ಪಾಸ್‌ಬುಕ್ಕಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟಿರುತ್ತಾರೆ. 'ಹೋದ ವರ್ಷ ಎಷ್ಟಕ್ಕೆ ಮಾರಿದಿರಿ?' ಎಂದು ಬಾಯಿಮಾತಿನಲ್ಲಿ ಕೇಳಿದರೆ ಒಂದು ಲೆಕ್ಕ ಬರುತ್ತದೆ. 'ಕಾಕಾ, ಪಟ್ಟಿ ಇದ್ದರೆ ತೋರಿಸ್ತೀರೇನು?' ಎಂದರೆ ನಿಜವಾದ ಲೆಕ್ಕ ಬರುತ್ತದೆ. ಕೋಲ್ಡ್ ಸ್ಟೋರೇಜಿನ ರಸೀದಿಯೂ ಅಲ್ಲೇ ಇರುತ್ತದೆ.

ಇಷ್ಟಾದರೂ ಒಂದು ಬಿರುಕು ಉಳಿದಿದೆ. ಕೋಲ್ಡ್ ಸ್ಟೋರೇಜಿನಲ್ಲಿ ಇಡಲು ಆದವರು ಮೊದಲೇ ಗಟ್ಟಿ ಕುಳಗಳಿರಬಹುದು. ಸಾಲ ಇದ್ದವರು ಕಾಯಲಾಗದೆ ಮಾರಿರುತ್ತಾರೆ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಡಬ್ಬಿ, ಕಡ್ಡಿ ಎಂದು ಬೇರೆ ಬೇರೆ ತಳಿಗಳಿವೆ; ಇಟ್ಟವರ ಮಾಲು ಡಬ್ಬಿ, ಕೂಡಲೇ ಮಾರಿದವರದು ಕಡ್ಡಿ ಆಗಿದ್ದರೆ ದರದ ವ್ಯತ್ಯಾಸ ಕಾಯ್ದದ್ದರಿಂದ ಬಂದದ್ದಲ್ಲ. ಹಾಗಾಗಿ ತಳಿ, ಗುಣಮಟ್ಟ, ಹೊಲದ ಅಳತೆ, ದಲಾಲರ ಹತ್ತಿರ ಇರುವ ಮುಂಗಡ ಇವನ್ನೂ ಬರೆದುಕೊಂಡು, ಒಂದೇ ತರದವರನ್ನು ಒಂದೇ ತರದವರ ಜೊತೆ ಹೋಲಿಸಬೇಕು. ಇದನ್ನು ಸಿನಾಪ್ಸಿಸ್‌ನಲ್ಲೇ ಬರೆದಿದ್ದರೆ ಸಮಿತಿಯವರ ಮೊದಲ ಆಕ್ಷೇಪಣೆಗೆ ಅಲ್ಲೇ ಉತ್ತರ ಸಿಕ್ಕಿರುತ್ತದೆ. ಆವಕ ಜೋರಾಗುವುದು ಜನವರಿಯಿಂದ ಮಾರ್ಚ್‌ವರೆಗೆ. ಕೋರ್ಸ್‌ವರ್ಕ್ ಪರೀಕ್ಷೆ ಅದೇ ಹೊತ್ತಿಗೆ ಬಿದ್ದರೆ ಕ್ಷೇತ್ರಕಾರ್ಯ ಮುಂದಿನ ವರ್ಷಕ್ಕೆ ಹೋಗುತ್ತದೆ, ಅದನ್ನೂ ಲೆಕ್ಕದಲ್ಲಿ ಹಿಡಿಯಿರಿ.

ಯಾರಿಗೆ ಯಾವುದು?

ಪ್ರಯೋಗಾಲಯ ಬೇಕಾದವರು ಗೈಡಿನ ಸಮಸ್ಯೆಯನ್ನೇ ತಗೊಳ್ಳಿ, ಅದರೊಳಗೆ ನಿಮ್ಮದೊಂದು ಉಪಪ್ರಶ್ನೆ ಉಳಿಸಿಕೊಳ್ಳಿ. ಜೆಆರ್‌ಎಫ್ ಇರುವವರಿಗೆ ದುಡ್ಡೂ ಸಮಯವೂ ಇರುವುದರಿಂದ ಕ್ಷೇತ್ರಕಾರ್ಯ ಬೇಡುವ ಸಮಸ್ಯೆಗೆ ಇದೇ ಹೊತ್ತು. ಈ ಅವಕಾಶವನ್ನು ಸುಮ್ನೆ ಪ್ರಶ್ನಾವಳಿಯಲ್ಲಿ ಕಳೆಯಬೇಡಿ. ಕೆಲಸದಲ್ಲಿದ್ದುಕೊಂಡು ಓದುವವರು ತಮ್ಮ ಕ್ಷೇತ್ರದ ದಾಖಲೆಗಳನ್ನು ನೆಚ್ಚಿ, ತಮ್ಮದೇ ಸಂಸ್ಥೆಯನ್ನು ಮಾತ್ರ ಬಿಡಿ. ಫೆಲೋಶಿಪ್ ಇಲ್ಲದವರು ಗ್ರಂಥಾಲಯ, ಉಚಿತ ಮಾಹಿತಿ, ಇಲ್ಲವೇ ಮನೆಯಿಂದ ಹೋಗಿ ಸಂಜೆ ಮನೆಗೇ ಬರಬಹುದಾದ ಊರುಗಳು, ಇವುಗಳೊಳಗೆ ಸಮಸ್ಯೆ ಕಟ್ಟಿಕೊಳ್ಳಿ. ಕಿರುಪ್ರಬಂಧದವರಿಗೆ ಹಳೆಯ ಅಧ್ಯಯನವನ್ನು ಮತ್ತೆ ಮಾಡುವುದಕ್ಕಿಂತ ಒಳ್ಳೆಯ ತರಬೇತಿ ನನಗೆ ಗೊತ್ತಿಲ್ಲ.

ಎರಡು ಸಮಸ್ಯೆಗಳ ನಡುವೆ ಇನ್ನೂ ಮನಸ್ಸು ತೂಗುತ್ತಿದ್ದರೆ ಒಂದೊಂದಕ್ಕೂ ಒಂದು ಪುಟ ಬರೆಯಿರಿ. ಪ್ರಶ್ನೆ ಒಂದೇ ವಾಕ್ಯದಲ್ಲಿರಲಿ. ಪುರಾವೆ ಯಾರ ಹತ್ತಿರ ಇದೆ, ಬರುವ ಎರಡು ಉತ್ತರಗಳೇನು, ತಗಲುವ ತಿಂಗಳು ಮತ್ತು ಹಣ ಎಷ್ಟು ಎಂದು ಕೆಳಗೆ ಬರೆಯಿರಿ. ಆಮೇಲೆ ಎರಡು ವಾರ ಕೊಟ್ಟು ಎರಡಕ್ಕೂ ಮೊದಲ ಪುರಾವೆಯನ್ನು ತಂದು ನೋಡಿ. ಒಂದು ಪಟ್ಟಿ, ಒಂದು ಶಾಸನದ ಪಾಠ, ಒಂದು ರಿಜಿಸ್ಟರಿನ ಪುಟ, ಒಂದು ಮಾತುಕತೆ. ಯಾವುದು ಕೈಗೆ ಬಂತೋ ಅದನ್ನು ಆ ಪುಟದ ಜೊತೆ ಪಿನ್ ಮಾಡಿ ಗೈಡಿನ ಹತ್ತಿರ ಹೋಗಿ.